ಮರೆಮಾಚಿದ ಸತ್ಯ ಮದ್ದಾಗಲಾರದು

ನಮ್ಮ ಮನೆಗಳಲ್ಲಿ ‘ಕ್ಯಾನ್ಸರ್’ ಎಂಬ ಪದವನ್ನು ಬಾಯಿಬಿಟ್ಟು ನುಡಿಯುವವರು ಇಂದಿಗೂ ವಿರಳ. ‘ಆ ಕಾಯಿಲೆ’ ಎನ್ನುತ್ತೇವೆ, ‘ದೊಡ್ಡ ರೋಗ’ ಎನ್ನುತ್ತೇವೆ, ಇಲ್ಲವೇ ಧ್ವನಿ ತಗ್ಗಿಸಿ ಕಣ್ಣಿನಲ್ಲೇ ತಿಳಿಸುತ್ತೇವೆ. ಅದರಲ್ಲಿಯೂ ರೋಗಿಯ ಮುಂದೆ ಆ ಪದ ಸುಳಿಯದಂತೆ ಮನೆಮಂದಿಯೆಲ್ಲ ಕಾವಲಿರುತ್ತೇವೆ. ಈ ಮೌನದ ಹಿಂದೆ ಪ್ರೀತಿಯಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಉಳಿದ ದಿನಗಳನ್ನು ಹೇಗೆ ಕಳೆಯಬೇಕು, ಯಾವ ಚಿಕಿತ್ಸೆ ಪಡೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ರೋಗಿಯ ಹಕ್ಕನ್ನು ಇದೇ ಪ್ರೀತಿ ಸದ್ದಿಲ್ಲದೆ ಕಸಿದುಕೊಳ್ಳುತ್ತಿದೆ. ಪಿತ್ತಕೋಶದ ಕ್ಯಾನ್ಸರನ್ನು ನಿದರ್ಶನವಾಗಿರಿಸಿಕೊಂಡು ಈ ವಾರ ಆ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ. ಆ ರೋಗ ನಮ್ಮ ಮನೆಯ ಹೊಸ್ತಿಲನ್ನೇ ದಾಟಿ ಬಂದಿತ್ತಾದ್ದರಿಂದ, ನಮ್ಮ ತಪ್ಪನ್ನು ಒಪ್ಪಿಕೊಂಡೇ ಮಾತು ಆರಂಭಿಸುವುದು ನ್ಯಾಯ.

ಕೆಲವು ವರ್ಷಗಳ ಹಿಂದಿನ ಮಾತು. ಬನಶಂಕರಿ ಎರಡನೆಯ ಹಂತದಲ್ಲಿ ವಾಸವಾಗಿದ್ದ ನಮ್ಮ ದೊಡ್ಡಮ್ಮನವರು ಮೂವತ್ತು ವರ್ಷಕಾಲ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಬಲಪಕ್ಕೆಯ ಕೆಳಗೆ ಆಗಾಗ ಕಾಣಿಸಿಕೊಳ್ಳುತ್ತಿದ್ದ ನೋವನ್ನು ‘ಗ್ಯಾಸ್’ ಎಂದು ಭಾವಿಸಿ ಮಾತ್ರೆ ನುಂಗುತ್ತಿದ್ದರು. ಕಣ್ಣು ಹಳದಿಯಾದಾಗ ನೆರೆಹೊರೆಯವರ ಮಾತು ಕೇಳಿ ಕಾಮಾಲೆಗೆಂದು ನಾಟಿ ಔಷಧ ಕುಡಿಸಿದೆವು, ಉಪ್ಪು ಎಣ್ಣೆ ಬಿಡಿಸಿ ಪಥ್ಯ ಮಾಡಿಸಿದೆವು. ಹೀಗೆ ಮೂರು ವಾರಗಳು ಉರುಳಿದವು. ರಾತ್ರಿಯೆಲ್ಲ ಮೈ ತುರಿಸಿ ನಿದ್ದೆ ಬಾರದಂತಾದಾಗ ಸ್ಕ್ಯಾನ್ ಮಾಡಿಸಲಾಯಿತು. ಪಿತ್ತಕೋಶದಲ್ಲಿ ಗಡ್ಡೆ ಬೆಳೆದು ಯಕೃತ್ತಿಗೂ ಪಿತ್ತನಾಳಕ್ಕೂ ಹಬ್ಬಿದೆ, ಶಸ್ತ್ರಚಿಕಿತ್ಸೆಯ ಕಾಲ ಮೀರಿದೆ ಎಂದು ವೈದ್ಯರು ತಿಳಿಸಿದರು. ತಿಳಿಸಿದ್ದು ಆಕೆಯ ಇಬ್ಬರು ಗಂಡುಮಕ್ಕಳಿಗೆ ಹಾಗೂ ನಮಗೆ. ದೊಡ್ಡಮ್ಮನವರು ಹೊರಗಿನ ಬೆಂಚಿನ ಮೇಲೆ ಜಪಸರ ಹಿಡಿದು ಕುಳಿತಿದ್ದರು.

ಅಂದು ರಾತ್ರಿ ಮನೆಯ ಹಜಾರದಲ್ಲಿ ಸಭೆ ಸೇರಿತು. ‘ಅಮ್ಮನಿಗೆ ಹೇಳುವುದು ಬೇಡ, ಎದೆಗುಂದಿಬಿಡುತ್ತಾರೆ’ ಎಂದು ಹಿರಿಯ ಮಗ ಹೇಳಿದ, ನಾವೆಲ್ಲ ತಲೆಯಾಡಿಸಿದೆವು. ‘ಪಿತ್ತದ ಕಲ್ಲು ಇದೆ, ಕರಗಿಸುವ ಔಷಧವನ್ನು ಡ್ರಿಪ್ ಮೂಲಕ ಕೊಡುತ್ತಾರೆ’ ಎಂದು ಕಥೆ ಕಟ್ಟಿದೆವು. ಒಪ್ಪಿಗೆ ಪತ್ರಗಳಿಗೆ ಮಗ ಸಹಿ ಹಾಕಿದ. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿಸಲಾಯಿತು, ಕಾಮಾಲೆ ಇಳಿದ ಮೇಲೆ ಕೀಮೊಥೆರಪಿ ಆರಂಭವಾಯಿತು. ಮೂರನೆಯ ಸಲ ಡ್ರಿಪ್ ಮುಗಿಸಿ ಮನೆಗೆ ಮರಳುವಾಗ, ಕಾರು ಜಯನಗರ ದಾಟುತ್ತಿದ್ದಂತೆ ಆಕೆ ಶಾಂತವಾಗಿ ಹೇಳಿದರು: ‘ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವಳು ನಾನು. ಆಸ್ಪತ್ರೆಯ ಬಾಗಿಲ ಮೇಲಿನ ಬೋರ್ಡು ಓದಲು ನನಗೆ ಬರುವುದಿಲ್ಲವೆಂದುಕೊಂಡಿರೇನಪ್ಪಾ? ಮೊದಲ ದಿನವೇ ಓದಿದೆ. ನೀವು ಅಳುತ್ತೀರೆಂದು ಸುಮ್ಮನಿದ್ದೆ.’

ಐದು ವಾರಗಳ ಕಾಲ ಆಕೆಯನ್ನು ನಾವು ಕಾಪಾಡುತ್ತಿದ್ದೇವೆಂದು ತಿಳಿದಿದ್ದೆವು. ವಾಸ್ತವದಲ್ಲಿ ಆಕೆಯೇ ನಮ್ಮನ್ನು ಕಾಪಾಡುತ್ತಿದ್ದರು. ಆ ಐದು ವಾರಗಳ ಬೆಲೆ ಎಷ್ಟಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

ತಡವಾಗಿ ಮುಖ ತೋರುವ ರೋಗ

ಪಿತ್ತಕೋಶವೆಂದರೆ ಯಕೃತ್ತಿನ, ಅಂದರೆ ಎಲ್ಲರೂ ಲಿವರ್ ಎನ್ನುವ ಅಂಗದ, ಅಡಿಯಲ್ಲಿ ಅಂಟಿಕೊಂಡಿರುವ ಪುಟ್ಟ ಚೀಲ. ಯಕೃತ್ತು ಸ್ರವಿಸುವ ಪಿತ್ತರಸವನ್ನು ಸಂಗ್ರಹಿಸಿಟ್ಟು, ಉಂಡ ಆಹಾರದ ಜಿಡ್ಡು ಜೀರ್ಣವಾಗಲು ಅದನ್ನು ಕರುಳಿಗೆ ಹರಿಸುವುದು ಇದರ ಕೆಲಸ. ಈ ಚೀಲದಲ್ಲಿ ಹುಟ್ಟುವ ಕ್ಯಾನ್ಸರ್ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂಗಳ ನದೀ ಬಯಲು ಪ್ರದೇಶಗಳು ಜಗತ್ತಿನಲ್ಲಿಯೇ ಈ ರೋಗ ಅತಿ ಹೆಚ್ಚಾಗಿ ಕಂಡುಬರುವ ಪ್ರದೇಶಗಳ ಸಾಲಿಗೆ ಸೇರುತ್ತವೆ. ದಕ್ಷಿಣ ಅಮೆರಿಕದ ಚಿಲಿ ದೇಶವೂ ಅದೇ ಸಾಲಿನಲ್ಲಿದೆ. ದಕ್ಷಿಣ ಭಾರತದಲ್ಲಿ ಇದರ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಆದುದರಿಂದಲೇ ನಮ್ಮಲ್ಲಿ ಹಲವರಿಗೆ ಇಂಥದೊಂದು ಕ್ಯಾನ್ಸರ್ ಇದೆಯೆಂಬುದು ತಿಳಿಯುವುದೇ ಅದು ಮನೆಯೊಳಗೆ ಬಂದ ದಿನ.

ಆರಂಭದಲ್ಲಿ ಈ ರೋಗಕ್ಕೆ ತನ್ನದೇ ಆದ ಲಕ್ಷಣಗಳಿಲ್ಲ. ಹೊಟ್ಟೆಯುಬ್ಬರ, ಅಜೀರ್ಣ, ಬಲಭಾಗದ ಸಣ್ಣ ನೋವು, ಇವು ಯಾರಿಗಿಲ್ಲ? ಇದರೊಡನೆ ಮತ್ತೊಂದು ತೊಡಕೂ ಇದೆ. ಹೊಟ್ಟೆಯ ಬಹುತೇಕ ಅಂಗಗಳನ್ನು ಸುತ್ತುವರಿದಿರುವ ಹೊರಪೊರೆ ಪಿತ್ತಕೋಶವು ಯಕೃತ್ತಿಗೆ ಅಂಟಿಕೊಂಡಿರುವ ಭಾಗದಲ್ಲಿ ಇರುವುದಿಲ್ಲ. ನಡುವೆ ಬೇಲಿಯಿಲ್ಲದ ಹೊಲದಂತೆ ರೋಗವು ಅಲ್ಲಿಂದ ಯಕೃತ್ತಿಗೆ ಸುಲಭವಾಗಿ ಹಬ್ಬುತ್ತದೆ. ಕಾಮಾಲೆ, ತುರಿಕೆ, ತೂಕದ ಇಳಿಕೆ ಕಾಣಿಸಿಕೊಳ್ಳುವ ವೇಳೆಗೆ ಬಹುಪಾಲು ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಅವಕಾಶ ಕೈಮೀರಿರುತ್ತದೆ. ನಡುವಯಸ್ಸು ದಾಟಿದವರ ಕಣ್ಣು ಹಳದಿಯಾದರೆ ನಾಟಿ ಔಷಧಕ್ಕೆ ವಾರಗಳನ್ನು ಬಲಿಕೊಡದೆ ಒಡನೆಯೇ ಅಲ್ಟ್ರಾಸೌಂಡ್ ಮಾಡಿಸಬೇಕೆಂಬುದು ನಾವು ಕಲಿತ ಮೊದಲ ಪಾಠ.

ಎರಡನೆಯ ಪಾಠ ಪಿತ್ತದ ಕಲ್ಲುಗಳಿಗೆ ಸಂಬಂಧಿಸಿದ್ದು. ಈ ಕ್ಯಾನ್ಸರಿಗೂ ಕಲ್ಲುಗಳಿಗೂ ನಂಟಿದೆ. ಹಾಗೆಂದು ಕಲ್ಲಿರುವವರೆಲ್ಲ ಗಾಬರಿಯಾಗಬೇಕಿಲ್ಲ. ಅವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಎಂದಿಗೂ ಬರುವುದಿಲ್ಲ. ಆದರೆ ಕಲ್ಲಿಗೆಂದು ಪಿತ್ತಕೋಶವನ್ನು ತೆಗೆಸಿಕೊಂಡವರು ಒಂದು ಪ್ರಶ್ನೆಯನ್ನು ಕೇಳಲೇಬೇಕು. ಶಸ್ತ್ರಚಿಕಿತ್ಸೆಯ ನಂತರ ಕಲ್ಲುಗಳನ್ನು ಪುಟ್ಟ ಶೀಶೆಯಲ್ಲಿ ಹಾಕಿ ಕೈಗೆ ಕೊಡುತ್ತಾರೆ. ನಾವು ಅದನ್ನು ನೆಂಟರಿಷ್ಟರಿಗೆಲ್ಲ ತೋರಿಸುತ್ತೇವೆ. ಕತ್ತರಿಸಿ ತೆಗೆದ ಚೀಲವನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೇ, ಅದರ ವರದಿ ಬಂದಿತೇ ಎಂದು ಕೇಳುವವರೆಷ್ಟು ಮಂದಿ? ಆ ವರದಿಯಲ್ಲಿ ಕ್ಯಾನ್ಸರ್ ಅನಿರೀಕ್ಷಿತವಾಗಿ ಪತ್ತೆಯಾಗುವುದುಂಟು. ಅದು ಒಳಪದರದಲ್ಲಷ್ಟೇ ಇದ್ದರೆ ತೆಗೆದದ್ದೇ ಸಾಕಾಗಬಹುದು. ಇನ್ನೂ ಆಳಕ್ಕಿಳಿದಿದ್ದರೆ ಯಕೃತ್ತಿನ ಒಂದಿಷ್ಟು ಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಈ ಹಂತದಲ್ಲಿ ಪೂರ್ಣ ಗುಣವಾಗುವ ಸಾಧ್ಯತೆ ಇದ್ದೇ ಇದೆ. ಹೀಗೆ ಗುಣಪಡಿಸಬಹುದಾದ ಚಿಕಿತ್ಸೆಯನ್ನು ಭಯದಿಂದ ತಳ್ಳಿಹಾಕುವುದು ಸರಿಯಲ್ಲ ಎಂಬುದನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಮುಂದಿನ ನಮ್ಮ ಮಾತುಗಳೆಲ್ಲ ರೋಗ ಹಬ್ಬಿದವರನ್ನು ಕುರಿತದ್ದು.

ಔಷಧ ಏನನ್ನು ಕೊಡಬಲ್ಲುದು?

ಹಬ್ಬಿದ ರೋಗಕ್ಕೆ ಕೀಮೊಥೆರಪಿಯಿಂದ ಏನು ಪ್ರಯೋಜನ? ಇದಕ್ಕೆ ಭಾವನೆಯ ಉತ್ತರವಲ್ಲ, ಲೆಕ್ಕದ ಉತ್ತರವಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಶಸ್ತ್ರಚಿಕಿತ್ಸೆಗೆ ಮೀರಿದ ಪಿತ್ತಕೋಶದ ಕ್ಯಾನ್ಸರ್ ಇದ್ದ 81 ರೋಗಿಗಳನ್ನು ಅಧ್ಯಯನ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿತು. ಕೇವಲ ಶುಶ್ರೂಷೆ ಪಡೆದವರ ಮಧ್ಯಮ ಬದುಕು ನಾಲ್ಕೂವರೆ ತಿಂಗಳು. ಜೆಮ್ಸಿಟಬೀನ್ ಮತ್ತು ಆಕ್ಸಾಲಿಪ್ಲಾಟಿನ್ ಪಡೆದವರದು ಒಂಬತ್ತೂವರೆ ತಿಂಗಳು. ಅದೇ ವರ್ಷ ಬ್ರಿಟನ್ನಿನಲ್ಲಿ ಪಿತ್ತನಾಳ ಹಾಗೂ ಪಿತ್ತಕೋಶದ ಕ್ಯಾನ್ಸರ್ ಇದ್ದ 410 ರೋಗಿಗಳ ಅಧ್ಯಯನದಲ್ಲಿ, ಜೆಮ್ಸಿಟಬೀನ್ ಒಂದನ್ನೇ ಪಡೆದವರಿಗೆ 8.1 ತಿಂಗಳು, ಅದರೊಡನೆ ಸಿಸ್ಪ್ಲಾಟಿನ್ ಕೂಡ ಪಡೆದವರಿಗೆ 11.7 ತಿಂಗಳು ದೊರೆಯಿತು. 2022ರ ನಂತರ ಇವುಗಳ ಜತೆಗೆ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ದುರ್ವಾಲುಮಾಬ್‌ನಂತಹ ಔಷಧಗಳೂ ಸೇರಿಕೊಂಡಿವೆ. ಸರಾಸರಿ ಲಾಭ ಅಲ್ಪ, ಬೆಲೆ ಮಾತ್ರ ಬಲು ದುಬಾರಿ. ಗಡ್ಡೆಯ ಜೀನ್ ಪರೀಕ್ಷೆಯಲ್ಲಿ ಕೆಲವು ನಿರ್ದಿಷ್ಟ ಬದಲಾವಣೆಗಳು ಕಂಡುಬಂದವರಿಗೆ ಅವಕ್ಕೆಂದೇ ಇರುವ ಔಷಧಗಳು ನೆರವಾಗಬಹುದು.

ಮಧ್ಯಮ ಬದುಕೆಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಕಡಿಮೆ, ಇನ್ನರ್ಧ ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದರೆಂದು ಅರ್ಥ. ನಮ್ಮವರು ಯಾವ ಅರ್ಧಕ್ಕೆ ಸೇರಿದವರೆಂದು ಯಾವ ವೈದ್ಯರೂ ಮುಂಗಡವಾಗಿ ಹೇಳಲಾರರು. ಆದರೆ ಹಬ್ಬಿದ ರೋಗದಲ್ಲಿ ಕೀಮೊಥೆರಪಿಯ ಗುರಿ ಸಾಮಾನ್ಯವಾಗಿ ಗುಣಪಡಿಸುವುದಲ್ಲ, ಕಾಲವನ್ನು ಕೊಂಚ ಲಂಬಿಸುವುದು ಹಾಗೂ ತೊಂದರೆಗಳನ್ನು ತಗ್ಗಿಸುವುದು ಎಂಬುದನ್ನು ಹೇಳಬಲ್ಲರು, ಹೇಳಬೇಕು. ಆ ತಿಂಗಳುಗಳಿಗೆ ತೆರಬೇಕಾದ ಬೆಲೆಯೂ ಉಂಟು: ಸುಸ್ತು, ವಾಕರಿಕೆ, ರಕ್ತಕಣಗಳ ಕುಸಿತ, ಸೋಂಕಿನ ಭಯ, ಮೂತ್ರಪಿಂಡದ ಮೇಲಿನ ಹೊರೆ, ಕೈಕಾಲುಗಳ ಜೋಮು. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅದು ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳಬಹುದು. ಚಳಿಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಇವನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ದೊರೆಯಬಹುದಾದ ತಿಂಗಳುಗಳನ್ನು ಇನ್ನೊಂದರಲ್ಲಿಟ್ಟು ತೂಗಬೇಕಾದವರು ಯಾರು? ನೋವನ್ನು ಉಣ್ಣುವವರೇ ಅಲ್ಲವೇ?

ಸತ್ಯ ಬಯಲಾದ ಮೇಲೆ ದೊಡ್ಡಮ್ಮನವರು ವೈದ್ಯರ ಮುಂದೆ ಕುಳಿತು ಮೂರು ಪ್ರಶ್ನೆ ಕೇಳಿದರು. ಈ ಔಷಧದಿಂದ ನಾನು ಗುಣವಾಗುವೆನೇ? ಇಲ್ಲವಾದರೆ ಎಷ್ಟು ಕಾಲ ಸಿಕ್ಕೀತು? ಆ ಕಾಲವನ್ನು ಮನೆಯಲ್ಲಿ ಕಳೆಯಬಹುದೇ, ಆಸ್ಪತ್ರೆಯಲ್ಲೇ ಕಳೆದುಹೋಗುತ್ತದೆಯೇ? ಉತ್ತರಗಳನ್ನು ಕೇಳಿ, ಒಂದು ದಿನ ಯೋಚಿಸಿ, ತೀರ್ಮಾನ ಹೇಳಿದರು: ‘ನಾಲ್ಕು ಸುತ್ತು ಪೂರೈಸುತ್ತೇನೆ. ಮೇ ತಿಂಗಳಲ್ಲಿ ಮೊಮ್ಮಗಳ ಪ್ರಥಮ ಪರಮಪ್ರಸಾದವಿದೆ, ಅದನ್ನು ನೋಡಬೇಕು. ನಾಲ್ಕರ ನಂತರವೂ ಗಡ್ಡೆ ಕುಗ್ಗದಿದ್ದರೆ ಅಲ್ಲಿಗೆ ಸಾಕು.’ ನಾಲ್ಕು ಸುತ್ತಿನ ನಂತರ ಗಡ್ಡೆ ಕುಗ್ಗಿರಲಿಲ್ಲ, ಹೊಟ್ಟೆಯಲ್ಲಿ ನೀರು ತುಂಬತೊಡಗಿತ್ತು. ಆಕೆ ತಮ್ಮ ಮಾತಿಗೆ ನಿಂತರು. ಮಕ್ಕಳು ಇನ್ನೊಂದು ಔಷಧ ನೋಡೋಣವೆಂದು ಅಂಗಲಾಚಿದಾಗ ‘ನನ್ನ ಲೆಕ್ಕ ಮುಗಿಯಿತಪ್ಪಾ’ ಎಂದಷ್ಟೇ ಹೇಳಿದರು. ಮೊಮ್ಮಗಳು ಬಿಳಿ ಉಡುಪಿನಲ್ಲಿ ಪೀಠದ ಮುಂದೆ ನಿಂತುದನ್ನು ಗಾಲಿಕುರ್ಚಿಯಲ್ಲಿ ಕುಳಿತು ನೋಡಿದರು. ಆ ನಂತರ ಎರಡು ತಿಂಗಳು ಮನೆಯಲ್ಲಿಯೇ ಇದ್ದು, ಮನೆಯಲ್ಲಿಯೇ ಕಣ್ಣುಮುಚ್ಚಿದರು.

ಇದೊಂದೇ ಸರಿಯಾದ ದಾರಿಯೆಂದು ನಾವು ಹೇಳುತ್ತಿಲ್ಲ. ಬಿಟಿಎಂ ಬಡಾವಣೆಯಲ್ಲಿ ನಮಗೆ ಪರಿಚಿತರಾಗಿದ್ದ ಎಳೆಯ ಮಕ್ಕಳ ತಾಯಿಯೊಬ್ಬರು ಇದೇ ರೋಗಕ್ಕೆ ಮೊದಲ ಔಷಧ ಫಲಿಸದಾಗ ಎರಡನೆಯದನ್ನು, ಅದೂ ಫಲಿಸದಾಗ ಮತ್ತೊಂದನ್ನು ಪಡೆದರು. ‘ಚಿಕ್ಕವನಿಗೆ ನನ್ನ ಮುಖ ನೆನಪಿರುವಷ್ಟಾದರೂ ದೊಡ್ಡವನಾಗಲಿ’ ಎಂಬುದು ಅವರ ಹಂಬಲವಾಗಿತ್ತು. ಅವರ ತೀರ್ಮಾನವೂ ಸರಿಯೇ. ರೋಗ ಒಂದೇ ಆದರೂ ಬದುಕು ಬೇರೆ, ಹೊಣೆ ಬೇರೆ, ಆಸೆ ಬೇರೆ. ಎರಡೂ ತೀರ್ಮಾನಗಳು ಸರಿಯಾದುದು ಅವು ರೋಗಿಯ ಬಾಯಿಂದಲೇ, ಸತ್ಯವನ್ನು ಅರಿತ ಮೇಲೆ ಬಂದವೆಂಬ ಕಾರಣಕ್ಕೆ.

ಚಿಕಿತ್ಸೆ ನಿಲ್ಲಿಸುವುದು ಪಾಪವೇ?

ನಮ್ಮ ಕುಟುಂಬಗಳನ್ನು ಕಾಡುವ ಇನ್ನೊಂದು ಅಳುಕಿದೆ. ಚಿಕಿತ್ಸೆ ಬೇಡವೆನ್ನುವುದು ಆತ್ಮಹತ್ಯೆಗೆ ಸಮನಲ್ಲವೇ? ತಾಯಿಗೆ ಇನ್ನೊಂದು ಡ್ರಿಪ್ ಕೊಡಿಸದ ಮಗ ದೇವರ ಮುಂದೆ ಉತ್ತರ ಹೇಳಬೇಕಲ್ಲವೇ? ಈ ಅಳುಕಿನಿಂದಲೇ ಮನೆ ಮಾರಿದವರನ್ನು, ರೋಗಿಯ ಕೊನೆಯ ದಿನಗಳನ್ನು ತೀವ್ರ ನಿಗಾ ಘಟಕದ ಗಾಜಿನ ಹಿಂದೆ ಕಳೆದವರನ್ನು ನಾವು ಕಂಡಿದ್ದೇವೆ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಹೊಸದೂ ಅಲ್ಲ, ಅಸ್ಪಷ್ಟವೂ ಅಲ್ಲ. ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು 1957ರಲ್ಲಿಯೇ ಅರಿವಳಿಕೆ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತಾ, ಜೀವವನ್ನು ಉಳಿಸಿಕೊಳ್ಳಲು ಸಾಮಾನ್ಯ ಉಪಾಯಗಳನ್ನು ಬಳಸುವುದಷ್ಟೇ ಕರ್ತವ್ಯ, ಅಸಾಧಾರಣವಾದ ಹೊರೆ ಹೊರಿಸುವ ಉಪಾಯಗಳನ್ನಲ್ಲ ಎಂದು ವಿವರಿಸಿದ್ದರು. ವ್ಯಾಟಿಕನ್ 1980ರ ಮೇ 5ರಂದು ಹೊರಡಿಸಿದ ದಯಾಮರಣ ಕುರಿತ ಘೋಷಣೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿಕಿತ್ಸೆಯ ಅಪಾಯ, ಖರ್ಚು, ನಿರೀಕ್ಷಿತ ಫಲ, ರೋಗಿಯ ದೇಹಬಲ ಮತ್ತು ಮನೋಬಲ ಇವೆಲ್ಲವನ್ನೂ ತೂಗಿ ನೋಡಬೇಕೆಂದು ಹೇಳಿದೆ. ಫಲಕ್ಕೆ ಮೀರಿದ ಹೊರೆಯ ಚಿಕಿತ್ಸೆಯನ್ನು ನಿರಾಕರಿಸುವುದು ಆತ್ಮಹತ್ಯೆಯಲ್ಲವೆಂದೂ, ಕುಟುಂಬದ ಮೇಲೆ ಅತಿಯಾದ ವೆಚ್ಚ ಬೀಳದಿರಲೆಂಬ ಬಯಕೆಯೂ ಅದಕ್ಕೆ ಕಾರಣವಾಗಬಹುದೆಂದೂ ಅದರಲ್ಲಿದೆ. 1992ರ ಧರ್ಮೋಪದೇಶ ಗ್ರಂಥದ 2278ನೆಯ ಪರಿಚ್ಛೇದವು, ಇಂತಹ ತೀರ್ಮಾನವನ್ನು ರೋಗಿಯು ಸಮರ್ಥನಾಗಿದ್ದರೆ ಅವನೇ ಕೈಗೊಳ್ಳಬೇಕೆಂದು ಬೋಧಿಸುತ್ತದೆ. ಗಮನಿಸಿ: ಮಗನಲ್ಲ, ಅಳಿಯನಲ್ಲ, ರೋಗಿ.

ಕೊಲ್ಲುವುದಕ್ಕೂ ಮರಣವನ್ನು ಅದರ ಪಾಡಿಗೆ ಬರಗೊಡುವುದಕ್ಕೂ ಇರುವ ಗೆರೆಯನ್ನು ಧರ್ಮಸಭೆ ಎಂದಿಗೂ ಅಳಿಸಿಲ್ಲ. ದಯಾಮರಣ ನಿಷಿದ್ಧ. ಔಷಧ ನಿಲ್ಲಿಸಿದ ಮಾತ್ರಕ್ಕೆ ಶುಶ್ರೂಷೆ ನಿಲ್ಲಿಸುವಂತಿಲ್ಲ. ದೇಹ ಸ್ವೀಕರಿಸುವಷ್ಟು ದಿನ ಅನ್ನ ನೀರು, ಸ್ವಚ್ಛತೆ, ನೋವಿನ ಶಮನ ಎಲ್ಲವೂ ರೋಗಿಗೆ ಸಲ್ಲಬೇಕು.

ಅಮೆರಿಕದ ಶಿಕಾಗೋ ನಗರದ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ ಅವರ ನಿದರ್ಶನವನ್ನು ಇಲ್ಲಿ ನೆನೆಯಬಹುದು. 1995ರ ಜೂನ್‌ನಲ್ಲಿ ಅವರಿಗೆ ಪಿತ್ತಕೋಶದ ನೆರೆಯ ಅಂಗವಾದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೊಥೆರಪಿ ಎಲ್ಲವನ್ನೂ ಸ್ವೀಕರಿಸಿದರು. 1996ರ ಆಗಸ್ಟ್‌ನಲ್ಲಿ ರೋಗ ಯಕೃತ್ತಿಗೆ ಮರಳಿದಾಗ ಅದನ್ನು ತಮ್ಮ ಜನರಿಗೆ ಬಹಿರಂಗವಾಗಿ ತಿಳಿಸಿದರು. ಕೊನೆಯ ವಾರಗಳಲ್ಲಿ ಕೀಮೊಥೆರಪಿಯನ್ನು ಕೈಬಿಟ್ಟರು, ಅದೇ ವೇಳೆಯಲ್ಲಿ ವೈದ್ಯನೆರವಿನ ಆತ್ಮಹತ್ಯೆಯನ್ನು ವಿರೋಧಿಸಿ ತಮ್ಮ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರ ಬರೆದರು. 1996ರ ನವೆಂಬರ್ 14ರಂದು ನಿಧನರಾದರು. ಚಿಕಿತ್ಸೆಯನ್ನು ಪಡೆದದ್ದೂ ನಿಲ್ಲಿಸಿದ್ದೂ ಒಂದೇ ವಿಶ್ವಾಸದಿಂದ ಎಂಬುದನ್ನು ಅವರ ಬದುಕು ತೋರಿಸಿತು. ಜಗದ್ಗುರು ಎರಡನೆಯ ಜಾನ್ ಪಾಲರು ಕೂಡ 2005ರಲ್ಲಿ ತಮ್ಮ ಕೊನೆಯ ದಿನಗಳನ್ನು ಆಸ್ಪತ್ರೆಗೆ ಮರಳದೆ ತಮ್ಮ ನಿವಾಸದಲ್ಲಿಯೇ ಕಳೆದುದನ್ನು ನಾವೆಲ್ಲ ಬಲ್ಲೆವು.

ನಮ್ಮ ದೇಶದ ಕಾನೂನು ಕೂಡ ಈಗ ಇದಕ್ಕೆ ಅಡ್ಡಿಯಾಗಿಲ್ಲ. ಚೇತರಿಕೆಯ ಆಶೆಯಿಲ್ಲದ ಹಂತದಲ್ಲಿ ತನಗೆ ಯಂತ್ರಗಳ ನೆರವು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯಮಾಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ.

ನೋವಿಗೆ ಮದ್ದಿದೆ

ಚಿಕಿತ್ಸೆ ನಿಲ್ಲಿಸಲು ಕುಟುಂಬ ಹೆದರುವುದಕ್ಕೆ ಮತ್ತೊಂದು ಕಾರಣ, ಆಮೇಲೆ ಮಾಡಲು ಏನೂ ಉಳಿಯುವುದಿಲ್ಲವೆಂಬ ತಪ್ಪು ತಿಳಿವಳಿಕೆ. ವಾಸ್ತವದಲ್ಲಿ ಮಾಡಬೇಕಾದ ಬಹಳಷ್ಟು ಕೆಲಸ ಆಗಲೇ ಇರುತ್ತದೆ. ನೋವು, ತುರಿಕೆ, ವಾಂತಿ, ಹೊಟ್ಟೆಯಲ್ಲಿ ತುಂಬುವ ನೀರು, ನಿದ್ರಾಹೀನತೆ, ಪ್ರತಿಯೊಂದಕ್ಕೂ ಉಪಶಮನ ಚಿಕಿತ್ಸೆಯಲ್ಲಿ ಮದ್ದಿದೆ. ಬಾಯಿಯ ಮೂಲಕ ಕೊಡುವ ಮಾರ್ಫಿನ್ ಮಾತ್ರೆ ಇಂದಿಗೂ ತೀವ್ರ ನೋವಿಗೆ ಭರವಸೆಯ ಔಷಧ. ವೈದ್ಯರ ನಿಗಾದಲ್ಲಿ ಕೊಟ್ಟರೆ ಅದು ಚಟವನ್ನು ಅಂಟಿಸುವುದಿಲ್ಲ, ಸಾವನ್ನು ಬೇಗ ಕರೆತರುವುದೂ ಇಲ್ಲ. ಹೊಟ್ಟೆಯ ಹಿಂಭಾಗದ ನರಜಾಲಕ್ಕೆ ಚುಚ್ಚುಮದ್ದು ಕೊಟ್ಟು ನೋವನ್ನು ತಡೆಯುವ ವಿಧಾನವೂ ಇದೆ. ಮಾದಕವಸ್ತು ಕಾನೂನಿನ ತೊಡಕುಗಳಿಂದ ಮಾರ್ಫಿನ್ ದೊರೆಯುವುದೇ ದುಸ್ತರವಾಗಿದ್ದ ಕಾಲವೊಂದಿತ್ತು; 2014ರ ತಿದ್ದುಪಡಿ ಆ ದಾರಿಯನ್ನು ಸುಗಮಗೊಳಿಸಿತು. ನೋವನ್ನು ಸಹಿಸಿ ಪ್ರಭುವಿಗೆ ಅರ್ಪಿಸಬೇಕೆಂಬ ಭಾವನೆಯಿಂದ ಮಾತ್ರೆ ಬೇಡವೆನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಹಾಗೆ ಅರ್ಪಿಸುವುದು ಅವರ ಇಚ್ಛೆ, ಕಡ್ಡಾಯವಲ್ಲ. ನೋವು ನೀಗಿಕೊಳ್ಳುವುದು ತಪ್ಪಲ್ಲವೆಂದು ಹನ್ನೆರಡನೆಯ ಪಿಯುಸ್ ಅವರೇ 1957ರಲ್ಲಿ ಸ್ಪಷ್ಟಪಡಿಸಿದ್ದಾರೆ.

ಉಪಶಮನ ಚಿಕಿತ್ಸೆಯನ್ನು ಕೊನೆಗೆ ಉಳಿಯುವ ಕದವೆಂದು ತಿಳಿಯುವುದೂ ತಪ್ಪು. ಹಬ್ಬಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳನ್ನು ಕುರಿತು ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಿಂದಲೇ ಉಪಶಮನ ಚಿಕಿತ್ಸೆಯನ್ನೂ ಪಡೆದವರು ಇತರರಿಗಿಂತ ನೆಮ್ಮದಿಯಿಂದ ಇದ್ದುದಷ್ಟೇ ಅಲ್ಲ, ಹೆಚ್ಚು ಕಾಲ ಬದುಕಿದರು: 8.9 ತಿಂಗಳಿಗೆ ಎದುರಾಗಿ 11.6 ತಿಂಗಳು. ರೋಗ ಬೇರೆಯಾದರೂ ಪಾಠ ನಮಗೂ ಅನ್ವಯಿಸುತ್ತದೆ.

ನಗರದ ದಕ್ಷಿಣ ಭಾಗದಲ್ಲಿರುವ ನಮಗೆ ದಾರಿಗಳ ಕೊರತೆಯಿಲ್ಲ. 1973ರ ಜೂನ್ 26ರಂದು ಉದ್ಘಾಟನೆಗೊಂಡ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಜಯನಗರದ ಮಗ್ಗುಲಲ್ಲೇ ಇದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬಿಟಿಎಂ ಬಡಾವಣೆಯ ಆಚೆ, ಕೋರಮಂಗಲದಲ್ಲಿದೆ. ಅಲ್ಲಿ ಉಪಶಮನ ಚಿಕಿತ್ಸೆಯ ವಿಭಾಗವೂ ಇದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ ‘ಕರುಣಾಶ್ರಯ’ವು 1999ರಿಂದ ಮಾರತ್ತಹಳ್ಳಿಯ ಬಳಿ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಜಾತಿಮತಗಳ ಭೇದವಿಲ್ಲದೆ, ಹಣ ಪಡೆಯದೆ ಆರೈಕೆ ಮಾಡುತ್ತಿದೆ; ಅದರ ದಾದಿಯರು ಮನೆಗಳಿಗೂ ಹೋಗಿ ಶುಶ್ರೂಷೆ ಮಾಡುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ದೊರೆಯುತ್ತದೆ. ಊರಿನ ಜಮೀನು ಮಾರುವ ಮುನ್ನ ಈ ಬಾಗಿಲುಗಳನ್ನು ತಟ್ಟಬೇಕು.

ನಾವು ಮಾಡಬೇಕಾದುದು

ಹಾಗಾದರೆ ನಮ್ಮ ಕುಟುಂಬಗಳೂ ಧರ್ಮಕೇಂದ್ರಗಳೂ ಏನು ಮಾಡಬೇಕು? ಮೊದಲನೆಯದಾಗಿ, ವೈದ್ಯರ ಕೋಣೆಗೆ ರೋಗಿಯನ್ನೂ ಕರೆದೊಯ್ಯಬೇಕು. ಎಲ್ಲವನ್ನೂ ಒಂದೇ ಏಟಿಗೆ ಹೇಳಬೇಕೆಂದಿಲ್ಲ. ‘ನಿಮಗೆ ಎಷ್ಟು ತಿಳಿಯಬೇಕೆನಿಸುತ್ತದೆ?’ ಎಂದು ಕೇಳಿ, ಕೇಳಿದಷ್ಟಕ್ಕೆ ಸುಳ್ಳಿಲ್ಲದ ಉತ್ತರ ಕೊಡಬೇಕು. ತಿಳಿಯಲು ಇಚ್ಛಿಸದ ರೋಗಿಗಳೂ ಉಂಟು. ‘ನನಗೇನೂ ಹೇಳಬೇಡಿ, ಮಗನೇ ನೋಡಿಕೊಳ್ಳಲಿ’ ಎಂದು ಅವರೇ ಹೇಳಿದರೆ ಅದೂ ಅವರ ತೀರ್ಮಾನವೇ. ಅವರನ್ನು ಕೇಳದೆಯೇ ಅವರ ಪರವಾಗಿ ಮೌನವನ್ನು ಆರಿಸುವುದು ಮಾತ್ರ ಸಲ್ಲದು. ಎರಡನೆಯದಾಗಿ, ದೊಡ್ಡ ಚಿಕಿತ್ಸೆಗೆ ಒಪ್ಪುವ ಮುನ್ನ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯಬೇಕು, ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು, ಚಿಕಿತ್ಸೆಯನ್ನು ಯಾವ ಹಂತದಲ್ಲಿ ಮರುಪರಿಶೀಲಿಸುವುದೆಂದು ಆರಂಭದಲ್ಲಿಯೇ ಗೊತ್ತುಮಾಡಿಕೊಳ್ಳಬೇಕು.

ಮೂರನೆಯದು ನಮ್ಮ ಗುರುಗಳಲ್ಲಿ ಹಾಗೂ ವಿಶ್ವಾಸಿಗಳಲ್ಲಿ ಬಿನ್ನಹ. ರೋಗಿಗಳ ಅಭ್ಯಂಗ ಸಂಸ್ಕಾರವು ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ತಿಳಿಸಿದ್ದರೂ, ಗುರುಗಳು ಎಣ್ಣೆ ತಂದರೆಂದರೆ ಮುಗಿಯಿತೆಂಬ ಭಯ ನಮ್ಮನ್ನು ಬಿಟ್ಟಿಲ್ಲ. ರೋಗಿಗೆ ಪ್ರಜ್ಞೆ ತಪ್ಪುವವರೆಗೆ ಕಾದು ಆಮೇಲೆ ಓಡುತ್ತೇವೆ. ಕಾಯಿಲೆ ಖಚಿತವಾದಾಗಲೇ, ಆಕೆ ತಾನೇ ಪ್ರಾರ್ಥಿಸಬಲ್ಲವಳಾಗಿದ್ದಾಗಲೇ ಅದನ್ನು ಕೊಡಿಸಬೇಕು. ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರದ ಹರಕೆ ಹೊತ್ತವರು ಹೋಗಲಿ. ಆದರೆ ಪವಾಡ ಬೇಡುವ ಭರದಲ್ಲಿ ರೋಗಿಯ ಮಾತಿಗೆ ಕಿವಿ ಮುಚ್ಚದಿರೋಣ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು, ಮರಿಯ ಸೇನೆಯವರು ಜಪಸರಕ್ಕೆಂದು ರೋಗಿಯ ಮನೆಗೆ ಹೋಗುವಾಗ ಮನೆಯವರನ್ನು ಎರಡು ಗಂಟೆ ಬಿಡುವಾಗಿ ಹೊರಗೆ ಕಳುಹಿಸಿ ತಾವು ಮಂಚದ ಬಳಿ ಕೂರುವುದಾದರೆ, ಡೈರಿ ವೃತ್ತದ ವಾಹನಸಂದಣಿಯಲ್ಲಿ ಆಸ್ಪತ್ರೆಗೆ ಒಂದು ಸಲ ಜತೆಗೆ ಹೋಗುವುದಾದರೆ, ಅದೂ ಪ್ರಾರ್ಥನೆಯೇ.

ಕೊನೆಗೆ, ಆ ಐದು ವಾರಗಳ ಬೆಲೆ. ಕನಕಪುರದ ಆಚೆಯ ಹಾರೋಬೆಲೆ ದೊಡ್ಡಮ್ಮನವರ ತವರು. ಪಾಲಿನ ಜಮೀನಿನ ಜಗಳದಿಂದ ತಂಗಿಯೊಡನೆ ಒಂಬತ್ತು ವರ್ಷ ಮಾತಿರಲಿಲ್ಲ. ನಮ್ಮ ಮೌನ ಮುರಿದ ದಿನ ಆಕೆ ಮೊದಲು ಕೇಳಿದ್ದು ಔಷಧದ ವಿಷಯವನ್ನಲ್ಲ, ‘ನನ್ನನ್ನು ಊರಿಗೆ ಕರೆದುಕೊಂಡು ಹೋಗಿ’ ಎಂದು. ಎರಡು ದಿನ ಅಲ್ಲಿದ್ದರು. ಅಕ್ಕತಂಗಿಯರು ಏನು ಮಾತನಾಡಿದರೋ ನಮಗೆ ತಿಳಿಯದು. ಬೀಳ್ಕೊಡುವಾಗ ತಂಗಿ ಕಾರಿನ ಬಾಗಿಲು ಹಿಡಿದು ಬಹಳ ಹೊತ್ತು ಬಿಡಲಿಲ್ಲ. ತಮ್ಮ ಬಾಲ್ಯದ ದೇವಾಲಯವನ್ನು, ತಂದೆತಾಯಿಯರ ಸಮಾಧಿಯನ್ನು ನೋಡಬೇಕೆಂದಾಗ ದೊಡ್ಡಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತೊಯ್ಯಬೇಕಾಯಿತು. ಐದು ವಾರಗಳ ಹಿಂದೆ ಆಕೆ ತಮ್ಮ ಕಾಲ ಮೇಲೆಯೇ ನಡೆದು ಹೋಗಬಲ್ಲವರಾಗಿದ್ದರು.

ಆ ನಡಿಗೆಯನ್ನು ಆಕೆಯಿಂದ ಕಿತ್ತುಕೊಂಡದ್ದು ಕ್ಯಾನ್ಸರ್ ಒಂದೇ ಅಲ್ಲ. ಈ ಮಾತನ್ನು ಬರೆಯುವುದು ನಮಗೆ ಸುಲಭವಾಗಿಲ್ಲ. ಇಂದು ಇದೇ ಬಗೆಯ ಸ್ಕ್ಯಾನ್ ವರದಿಯನ್ನು ಬೀರುವಿನಲ್ಲಿ ಬಚ್ಚಿಟ್ಟು, ಮುಖದ ಮೇಲೆ ನಗೆ ತಂದುಕೊಂಡು ಅಮ್ಮನ ಮುಂದೆ ನಿಂತಿರುವ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಲ್ಲಿ ನಮ್ಮ ಕೋರಿಕೆ ಇಷ್ಟೇ: ಇಂದು ರಾತ್ರಿ ಊಟವಾದ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತುಕೊಳ್ಳಿ. ಬಹುಶಃ ಅವರಿಗೆ ಈಗಾಗಲೇ ಗೊತ್ತಿದೆ. ನೀವು ಮಾತೆತ್ತುವುದನ್ನೇ ಅವರು ಕಾಯುತ್ತಿರಬಹುದು.